ಲೋರ್ಬೆತ್, ಆವೃತ್ತಿ ಒಂದು

ಲಪಾಸ್ ಮಾರುಕಟ್ಟೆಯ ಹಿಂಬದಿಯಲ್ಲಿ, ಒಂದು ಬೇಕರಿಯ ಮಹಡಿಯ ಮೇಲೆ, ಹನ್ನೊಂದು ಜನರ ಆಫೀಸು. ದ್ವೀಪದಿಂದ ದ್ವೀಪಕ್ಕೆ ಜನರನ್ನು ದಾಟಿಸುವ ಸಣ್ಣ ಹಡಗು ಕಂಪನಿಗಳಿಗೆ ಟಿಕೆಟಿನದೂ ಪ್ರಯಾಣಿಕರ ಪಟ್ಟಿಯದೂ ಸಾಫ್ಟ್‌ವೇರ್ ಮಾಡಿಕೊಡುವುದು ಅವರ ಕಸುಬು. ಅಲ್ಲಿ ಶುಕ್ರವಾರ ಬಂತೆಂದರೆ ನೆಲ್ಫಾ ಪಲ್ಮಾರೆಸ್‌ಳನ್ನು ಯಾರೂ ಮಾತಾಡಿಸುವುದಿಲ್ಲ. ಅವಳು ಆ ವಾರದ ಪ್ಯಾಕೇಜ್ ಕಟ್ಟುತ್ತಿರುತ್ತಾಳೆ.

ಉಳಿದವರು ಬರೆದು ಆಫೀಸಿನ ಕೋಡ್ ಉಗ್ರಾಣಕ್ಕೆ ಹಾಕಿದ ಜಾವಾ ಕೋಡನ್ನೆಲ್ಲ ಒಟ್ಟುಗೂಡಿಸಿ, ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಂದು, ತುಂಡುತುಂಡಾಗಿ ಜಾರ್ ಎಂಬ ಕಡತಗಳಲ್ಲಿ ತುಂಬಿ, ಕೊನೆಗೆ ಎಲ್ಲವನ್ನೂ ಒಂದೇ ಗಂಟು ಮಾಡಿ ಹಡಗು ಕಂಪನಿಗಳಿಗೆ ಕಳಿಸಬೇಕು. ಅದಕ್ಕೆಂದು ಹತ್ತೊಂಬತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅವಳೇ ಬರೆದ ಒಂದು ಆ್ಯಂಟ್ ಸ್ಕ್ರಿಪ್ಟ್ ಇತ್ತು. ಅರ್ಧ ಕೆಲಸ ಅದು ಮಾಡುತ್ತಿತ್ತು, ಇನ್ನರ್ಧ ಅವಳ ಕೈ ಮಾಡುತ್ತಿತ್ತು. ಈ ಕಂಪನಿಗೆ ಹಳೆಯ ಪ್ರಿಂಟರಿನ ಜಾರ್ ಹಾಕಬೇಕು, ಆ ಕಂಪನಿಗೆ ಅದು ಸೇರಿದರೆ ಟಿಕೆಟ್ಟೇ ಅಚ್ಚಾಗುವುದಿಲ್ಲ. ಇನ್ನೊಂದನ್ನು ಹೆಸರು ಬದಲಿಸಿ ನಕಲು ಮಾಡಬೇಕು, ಮತ್ತೊಂದನ್ನು ಕೊನೆಗೇ ಸೇರಿಸಬೇಕು. ಇದೆಲ್ಲ ಎಲ್ಲೂ ಬರೆದಿಟ್ಟದ್ದಲ್ಲ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ, ಯಾರಿಗೆ ಖಾರ ಆಗುವುದಿಲ್ಲ ಎಂದು ಯಾವ ಹೆಂಗಸು ಬರೆದಿಡುತ್ತಾಳೆ? ಗಂಡಸರು ಹೊಸ ಪರದೆ, ಹೊಸ ಬಟನ್ನು ಮಾಡಿ ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತಿದ್ದರು. ಪ್ಯಾಕೇಜಿಗೆ ಚಪ್ಪಾಳೆ ಇರಲಿಲ್ಲ. ತಡವಾದ ದಿನ ಮಾತ್ರ ಅದರ ನೆನಪಾಗುತ್ತಿತ್ತು.

ಈ ವ್ಯವಸ್ಥೆಗೆ ಈ ಜೂನ್‌ನಲ್ಲಿ ಕೊನೆಗಾಲ ಬಂತು. ಸೆಬು ಕಡೆಯ ದೊಡ್ಡ ಹಡಗು ಕಂಪನಿಯೊಂದು ಗಿರಾಕಿಯಾಗಲು ಒಪ್ಪಿತ್ತು, ಒಂದು ಷರತ್ತಿನ ಮೇಲೆ: ಪ್ಯಾಕೇಜಿನೊಳಗಿನ ಪ್ರತಿಯೊಂದು ತುಂಡೂ ಏನು, ಎಲ್ಲಿಂದ ಬಂತು ಎಂಬ ಪಟ್ಟಿ ಜೊತೆಗೇ ಬರಬೇಕು. ಮಾಲೀಕರಾದ ಸರ್ ದೆಲ್ಫಿನ್, ಎಲ್ಲವನ್ನೂ ಆ್ಯಂಟ್‌ನಿಂದ, ಗಂಟು ಕಟ್ಟುವುದನ್ನು ತಾನಾಗಿ ಮಾಡುವ ಮೇವನ್ ಎಂಬ ಹೊಸ ಸಲಕರಣೆಗೆ ಸಾಗಿಸುವ ಕೆಲಸವನ್ನು ಜೆರ್ವಿನ್‌ಗೆ ವಹಿಸಿದರು. ಇಪ್ಪತ್ತೊಂಬತ್ತರ ಜೆರ್ವಿನ್ ಮೂರು ವರ್ಷದ ಹಿಂದೆ ಬಂದವನು, ಈಗ ತಂಡದ ಮುಖ್ಯಸ್ಥ. ಸೋಮವಾರ ಬೆಳಿಗ್ಗೆ ಅವನು ತನ್ನ ಕುರ್ಚಿಯನ್ನು ನೆಲ್ಫಾಳ ಮೇಜಿನ ಪಕ್ಕಕ್ಕೆ ಎಳೆದುಕೊಂಡ.

"ಮನಾಂಗ್," ಎಂದ. ಆಫೀಸಿನ ಚಿಕ್ಕವರಿಗೆಲ್ಲ ಅವಳು ಮನಾಂಗ್, ಅಕ್ಕ. "ಹಳೇದರಲ್ಲಿ ಲಿಬ್ ಫೋಲ್ಡರಿಗೆ ಏನು ಬೇಕಾದ್ರೂ ತುರುಕ್ಬಹುದಿತ್ತು. ಹೊಸದರಲ್ಲಿ ಆಗಲ್ಲ. ಪ್ರತಿ ಜಾರ್‌ಗೂ ಮನೆತನದ ಹೆಸರು, ಸ್ವಂತ ಹೆಸರು, ಆವೃತ್ತಿ ಸಂಖ್ಯೆ. ಮೂರೂ ಹೇಳಿದ್ರೇನೇ ಒಳಗೆ ಬಿಡೋದು."

"ಜ್ಞಾನಸ್ನಾನಕ್ಕೆ ಪಾದ್ರಿ ಕೇಳ್ದಂಗೆ," ಎಂದಳು ನೆಲ್ಫಾ.

"ಹ್ಞೂಂ, ನೀವು ಧರ್ಮತಾಯಿ. ಎಂಬತ್ತಮೂರು ಮಕ್ಕಳಿದಾವೆ, ಹೆಸರು ಹೇಳ್ತಾ ಹೋಗಿ."

ಎರಡು ದಿನದ ಕೆಲಸ ಅಂದುಕೊಂಡಿದ್ದು ಸಂಜೆಯೊಳಗೆ ಮುಗಿಯುತ್ತ ಬಂತು. ನೆಲ್ಫಾ ಒಂದೊಂದಾಗಿ ಹೇಳುತ್ತ ಹೋದಳು. ಇದು ತಾರೀಕುಗಳಿಗೆ, ಇದು ಪ್ರಿಂಟರಿಗೆ, ಇದು ಯಾರಿಗೂ ಬೇಡ ಆದರೆ ತೆಗೆದರೆ ಗಿಮಾರಾಸ್ ದೋಣಿಯವರ ಟಿಕೆಟ್ ನಿಲ್ಲುತ್ತೆ. ಜೆರ್ವಿನ್ ಆಗಾಗ ಟೈಪು ಮಾಡುವುದು ನಿಲ್ಲಿಸಿ ಅವಳ ಮುಖ ನೋಡುತ್ತಿದ್ದ. "ಇದೆಲ್ಲ ತಲೇಲೇ ಇಟ್ಕೊಂಡಿದೀರಾ? ನೀವು ಒಂದು ವಾರ ಕಾಯಿಲೆ ಬಿದ್ದಿದ್ರೆ?" ಎಂದು ಕೇಳಿದ. "ಬೀಳಲಿಲ್ಲವಲ್ಲ," ಎಂದಳು ಅವಳು. ಹಾಗನ್ನುವಾಗ ಅವಳಿಗೊಂದು ಹೆಮ್ಮೆಯೂ ಆಯಿತು.

ಎಂಬತ್ತೆರಡಕ್ಕೆ ಹೆಸರು ಸಿಕ್ಕಿತು. ಉಳಿದದ್ದು ಒಂದು. ಹಡಗು ಬಿಡುವ ಮೊದಲು ಕರಾವಳಿ ಕಾವಲಿನವರ ಕೈಗೆ ಕೊಡಬೇಕಾದ ಪ್ರಯಾಣಿಕರ ಪಟ್ಟಿಯನ್ನು ಅಚ್ಚುಮಾಡುವ ಜಾರ್ ಅದು.

"ಇದು ಹೊರಗಿಂದಲ್ಲ, ನಮ್ದೇ," ಎಂದ ಜೆರ್ವಿನ್. "ಸೋರ್ಸ್ ಎಲ್ಲಿ? ಬರೆದಿರೋ ಕೋಡೇ ಉಗ್ರಾಣದಲ್ಲಿ ಕಾಣ್ತಿಲ್ಲ. ಬರೀ ಜಾರ್ ಇದೆ."

ನೆಲ್ಫಾ ಬಾಯಿ ತೆರೆಯುವ ಮೊದಲೇ ಆಚೆ ಮೇಜಿನ ಆರ್ನೆಲ್ ಕುರ್ಚಿಯನ್ನು ತಿರುಗಿಸಿದ. ಅವನು ಅವಳಷ್ಟೇ ಹಳಬ. "ಅದಾ? ಅದು ಲೋರ್ಬೆತ್! ಹೆರಿಗೆಗೆ ಹೋದೋಳು ಮಗೂನ ಮನೆಗೆ ತಂದ್ಳು, ಸೋರ್ಸನ್ನ ಆಸ್ಪತ್ರೇಲೇ ಬಿಟ್ಟು ಬಂದ್ಳು."

ಆಫೀಸು ನಕ್ಕಿತು. ಎಂಟು ವರ್ಷದಿಂದ ನಗುತ್ತ ಬಂದ ನಗು ಅದು. ಲೋರ್ಬೆತ್ ಎಂಬಾಕೆಯ ಮುಖವನ್ನೇ ಕಾಣದವರೂ ಅದನ್ನು ಕಲಿತಿದ್ದರು. ಯಾರಾದರೂ ಏನಾದರೂ ಮರೆತರೆ "ಲೋರ್ಬೆತ್ ಕೆಲಸ ಮಾಡ್ದ" ಎನ್ನುವುದು ಅಲ್ಲಿನ ವಾಡಿಕೆ.

ಜೆರ್ವಿನ್ ನಗುತ್ತಲೇ ಟೈಪು ಮಾಡಿದ. ಮನೆತನದ ಹೆಸರು, ಕಂಪನಿಯದು. ಸ್ವಂತ ಹೆಸರು, ಲೋರ್ಬೆತ್. ಆವೃತ್ತಿ, ಒಂದು.

"ಬೇರೆ ಹೆಸರಿಡಬಹುದಲ್ಲ," ಎಂದಳು ನೆಲ್ಫಾ. ದನಿ ತನ್ನದಲ್ಲವೇನೋ ಎನ್ನುವಷ್ಟು ಸಣ್ಣಗೆ ಬಂತು.

"ಬಿಡಿ ಮನಾಂಗ್, ಎಲ್ರೂ ಹಂಗೇ ಕರೀತಾರಲ್ಲ. ಹುಡುಕೋಕೆ ಸುಲಭ."

ಆ ಹೆಸರುಗಳ ಪಟ್ಟಿ ಇನ್ನು ಮೇಲೆ ಪ್ರತಿ ಪ್ಯಾಕೇಜಿನ ಜೊತೆಗೂ ಹೋಗುತ್ತದೆ. ನಾಲ್ಕು ಗೋಡೆಯೊಳಗೆ ನಗುವಾಗಿದ್ದದ್ದು ಇನ್ನು ಹಡಗು ಹಡಗಿಗೂ ಏರುತ್ತದೆ. ನೆಲ್ಫಾ ಎದ್ದು ಹೋಗಿ, ಯಾರೂ ಹೇಳದಿದ್ದರೂ, ಮೂರು ಗಂಟೆಯ ಕಾಫಿ ಕಪ್ಪುಗಳನ್ನೆಲ್ಲ ತೊಳೆದಳು. ಕೈಗೆ ಕೆಲಸ ಬೇಕಾಗಿತ್ತು.

ಆ ಸೋರ್ಸನ್ನು ಕಳೆದವಳು ಲೋರ್ಬೆತ್ ಅಲ್ಲ, ನೆಲ್ಫಾ.

ಎಂಟು ವರ್ಷದ ಹಿಂದಿನ ಶುಕ್ರವಾರ ಅದು. ಪ್ರಯಾಣಿಕರ ಪಟ್ಟಿಯ ಹೊಸ ನಮೂನೆ ಮರುದಿನ ಬೆಳಗಿನ ಮೊದಲ ಹಡಗಿಗೇ ಬೇಕಾಗಿತ್ತು. ನೆಲ್ಫಾ ಮೂರು ವಾರ ಕೂತು ತನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಬರೆದಿದ್ದಳು. ಮಧ್ಯಾಹ್ನ ಎರಡಕ್ಕೆ ಶಾಲೆಯಿಂದ ಫೋನು. ಮಗಳಿಗೆ ನಲವತ್ತು ಡಿಗ್ರಿ ಜ್ವರ, ಬಂದು ಕರೆದುಕೊಂಡು ಹೋಗಿ. ಗಂಡ ರೊದೆಲ್ ಸರಕು ಹಡಗಿನಲ್ಲಿ ಎಂಜಿನ್ ಕೆಲಸದವನು, ವರ್ಷಕ್ಕೆ ಒಂಬತ್ತು ತಿಂಗಳು ಸಮುದ್ರದ ಮೇಲೆ. ಆಗ ಯಾವುದೋ ದೂರದ ಬಂದರಿನಲ್ಲಿದ್ದ. ಅತ್ತೆ ಮನೆಯಲ್ಲಿದ್ದರು, ಆದರೆ ಮಂಡಿ ಹಿಡಿದು ಮೆಟ್ಟಿಲಿಳಿಯಲಾರರು. ಹೋಗಬೇಕಾದವಳು ಅವಳೇ. ಜಾರ್ ತಯಾರಾಗಿತ್ತು, ಆದರೆ ಅವಳ ಲ್ಯಾಪ್‌ಟಾಪಿಗೆ ಆ ದಿನ ಆಫೀಸಿನ ಉಗ್ರಾಣದ ಸಂಪರ್ಕವೇ ಸಿಗುತ್ತಿರಲಿಲ್ಲ.

ಪಕ್ಕದ ಮೇಜು ಲೋರ್ಬೆತ್‌ಳದು. ಆಕೆ ಹೆತ್ತು ಹನ್ನೆರಡು ದಿನವಾಗಿತ್ತು. ಕಾಂಟ್ರಾಕ್ಟಿನ ಮೇಲಿದ್ದವಳು, ರಜೆಯಲ್ಲಿ ಮರೆತುಬಿಡುತ್ತಾರೇನೋ ಎಂಬ ಹೆದರಿಕೆಗೆ ಬಾಣಂತಿ ಮಂಚದಿಂದಲೇ ಆ ಕಂಪ್ಯೂಟರಿಗೆ ಸಂಪರ್ಕ ಮಾಡಿಕೊಂಡು ಸಣ್ಣಪುಟ್ಟ ಕೆಲಸ ಮಾಡಿ ಕಳಿಸುತ್ತಿದ್ದಳು, ಸಂಬಳವಿಲ್ಲದೆ. ಆದ್ದರಿಂದ ಅವಳ ಕಂಪ್ಯೂಟರು ತೆರೆದೇ ಇತ್ತು. ನೆಲ್ಫಾ ಜಾರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಅಲ್ಲಿಂದ ಉಗ್ರಾಣಕ್ಕೆ ಸೇರಿಸಿದಳು. ಸೋರ್ಸನ್ನು ಸೋಮವಾರ ತನ್ನದರಿಂದಲೇ ಸೇರಿಸಿದರಾಯಿತು ಎಂದುಕೊಂಡು ಮೆಟ್ಟಿಲಿಳಿದು ಓಡಿದಳು.

ಡೆಂಗಿ ಎಂದರು. ನಾಲ್ಕು ದಿನ ಆಸ್ಪತ್ರೆ. ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತವಳಿಗೆ ಮನೆಯಿಂದ ಅತ್ತೆಯ ಫೋನು: ಬಿ.ಪಿ. ಮಾತ್ರೆ ಎಲ್ಲಿಟ್ಟಿದೀಯ, ಅಕ್ಕಿ ಎಷ್ಟು ಹಾಕಲಿ, ಗಂಡುಮಗು ಸಮವಸ್ತ್ರ ಇಸ್ತ್ರಿಯಾಗಿಲ್ಲ ಅಂತ ಅಳ್ತಿದೆ. ಸಮುದ್ರದಿಂದ ಗಂಡನ ಸಂದೇಶ: "ಒಂದು ಮಗೂನ ನೋಡ್ಕೊಳ್ಳೋಕೆ ಆಗಲ್ವಾ?" ಐದನೆಯ ದಿನ ಆಫೀಸಿಗೆ ಬಂದಾಗ ಎಲ್ಲರಿಗೂ ಹೊಸ ಲ್ಯಾಪ್‌ಟಾಪು ಕೊಡುತ್ತಿದ್ದರು. ಹಳೆಯದರಲ್ಲಿ ಬೇಕಾದದ್ದೆಲ್ಲ ತೆಗೆದುಕೊಂಡಿದ್ದೇನೆ, ಅಳಿಸಬಹುದು ಎಂಬ ಚೀಟಿ ಮುಂದೆ ಬಂತು. ನಾಲ್ಕು ರಾತ್ರಿ ಮಲಗದ ಕಣ್ಣಿನಲ್ಲಿ ನೆಲ್ಫಾ ಸಹಿ ಹಾಕಿದಳು.

ತಿಳಿದದ್ದು ಆರು ವಾರದ ಮೇಲೆ. ತಾಯಿಯ ಮಡಿಲಲ್ಲಿ ಕೂರುವ ಕೂಸುಗಳ ಹೆಸರು ಪಟ್ಟಿಯಲ್ಲಿ ಬೀಳುತ್ತಿಲ್ಲ ಎಂದು ಕರಾವಳಿ ಕಾವಲಿನವರು ದೂರಿದರು. ತಿದ್ದಲು ಸೋರ್ಸ್ ಹುಡುಕಿದರೆ ಇಲ್ಲ. ಸರ್ ದೆಲ್ಫಿನ್ ಉಗ್ರಾಣದ ದಾಖಲೆಯನ್ನು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ತೋರಿಸಿದರು: ಜಾರ್ ಸೇರಿಸಿದವರು ಲೋರ್ಬೆತ್, ಶುಕ್ರವಾರ, ಎರಡು ನಲವತ್ತು.

"ಮಗೂನ ಕಂಕುಳಲ್ಲಿ ಇಟ್ಕೊಂಡು ನಿದ್ದೆಗಣ್ಣಲ್ಲಿ ಮಾಡಿರ್ತಾಳೆ," ಎಂದರು ಸರ್ ದೆಲ್ಫಿನ್. "ಹೆತ್ತ ಮೇಲೆ ಹೆಂಗಸರ ತಲೆ ಅಷ್ಟೇನೇ." ಆಸ್ಪತ್ರೆಯ ಮಾತನ್ನು ಆರ್ನೆಲ್ ಮೊದಲ ಸಲ ಆಡಿದ್ದು ಆಗಲೇ. ಎಲ್ಲರೂ ನಕ್ಕರು. ನೆಲ್ಫಾಳೂ ನಕ್ಕಳು. ಅದೇ ಮಾತು ತನ್ನ ಬಗ್ಗೆ ಬರುತ್ತದೆಂದು ಹತ್ತು ವರ್ಷದಿಂದ ಅವಳು ಹೆದರಿಕೊಂಡೇ ಬದುಕಿದ್ದಳು. ಮಕ್ಕಳ ಜ್ವರವನ್ನು ತನ್ನ ಜ್ವರ ಎಂದು ಹೇಳಿ ರಜೆ ಹಾಕಿದ್ದಳು, ಶಾಲೆಯ ಫೋನನ್ನು ಬಚ್ಚಲಲ್ಲಿ ನಿಂತು ಎತ್ತಿದ್ದಳು. ಆ ಮಾತು ತನ್ನ ತಲೆಯ ಮೇಲಿಂದ ಹಾದು ಬೇರೊಬ್ಬಳ ಮೇಲೆ ಬಿದ್ದಾಗ ಅವಳಿಗೆ ಮೊದಲು ಹಾಯೆನಿಸಿತು. ಎಂಟು ವರ್ಷದಿಂದ ಅವಳನ್ನು ತಿನ್ನುತ್ತಿದ್ದದ್ದು ಆ ಸುಳ್ಳಿಗಿಂತ ಹೆಚ್ಚಾಗಿ ಆ ಹಾಯೇ.

ಅಂದು ಸಂಜೆ ಲೋರ್ಬೆತ್ ಫೋನು ಮಾಡಿದ್ದಳು. "ಮನಾಂಗ್, ನಾನು ಆ ಜಾರ್ ಮುಟ್ಟೇ ಇಲ್ಲ. ಪಟ್ಟಿ ಕೆಲಸ ನಿಮ್ದಲ್ವಾ? ನೀವೊಂದು ಮಾತು ಹೇಳಿದ್ರೆ ಸರ್ ನಂಬ್ತಾರೆ."

ಹಿಂದೆ ಕೂಸು ಅಳುವುದು ಕೇಳುತ್ತಿತ್ತು. "ನೋಡ್ತೀನಿ ಇಂದಾಯ್," ಎಂದಿದ್ದಳು ನೆಲ್ಫಾ, ತಂಗಿಗೆ ಹೇಳುವ ಹಾಗೆ. "ಮಗು ಅಳ್ತಿದೆ ನೋಡು, ಮೊದಲು ಎತ್ಕೋ."

ನೋಡಲಿಲ್ಲ. ತಿಂಗಳ ಕೊನೆಗೆ ಲೋರ್ಬೆತ್‌ಳ ಕಾಂಟ್ರಾಕ್ಟು ಮುಂದುವರಿಯಲಿಲ್ಲ. ಜಾರ್‌ಗೆ ಹೊರಗಿನಿಂದ ತೇಪೆ ಹಾಕಿ ಸಾಗಿಸಿದರು. ಮತ್ತೆ ಬರೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಪ್ರತಿ ಶುಕ್ರವಾರ ಅದನ್ನು ಕೈಯಾರೆ ನಕಲು ಮಾಡಿ ಪ್ಯಾಕೇಜಿಗೆ ಸೇರಿಸುವವಳು ನೆಲ್ಫಾ.

ಮಂಗಳವಾರ ಅವಳಿಗೆ ಒಂದು ವಿಷಯ ನೆನಪಾಯಿತು. ಪ್ರತಿ ಜಾರ್‌ನ ಒಳಗೂ ಚೀಟಿಯಂಥ ಒಂದು ಪುಟ್ಟ ಕಡತ ಇರುತ್ತದೆ. ಯಾರ ಯಂತ್ರದಲ್ಲಿ ಕಟ್ಟಿದ್ದು ಎಂದು ಅದರಲ್ಲಿ ತಾನಾಗಿ ಬರೆದುಕೊಳ್ಳುವ ಹಾಗೆ ಆ್ಯಂಟ್ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸೇರಿಸಿದವಳು ಅವಳೇ. ಇಷ್ಟು ವರ್ಷ ಯಾರೂ ತೆರೆದು ನೋಡಿರಲಿಲ್ಲ. ಜೆರ್ವಿನ್ ತೆರೆಯುತ್ತಾನೆ. ಅವನು ಎಲ್ಲವನ್ನೂ ತೆರೆಯುವವನು.

ಮಧ್ಯಾಹ್ನ ಎಲ್ಲರೂ ಬಚೊಯ್ ಎಂಬ ಶಾವಿಗೆ ಸೂಪು ಉಣ್ಣಲು ಮಾರುಕಟ್ಟೆಗೆ ಇಳಿದರು. ಹೊಟ್ಟೆ ಸರಿಯಿಲ್ಲ ಎಂದು ಅವಳು ಉಳಿದಳು. ಪ್ಯಾಕೇಜ್ ಕಟ್ಟುವ ಯಂತ್ರದ ಮುಂದೆ ಕೂತು ಜಾರ್ ತೆರೆದಳು. ಇತ್ತು. ಕಟ್ಟಿದವರು: ನೆಲ್ಫಾ. ಆ ಸಾಲನ್ನು ಅಳಿಸಿ ಮುಚ್ಚಿಟ್ಟಳು. ಒಂದು ನಿಮಿಷವೂ ಹಿಡಿಯಲಿಲ್ಲ. ಅದಾದ ಮೇಲೆ ಕೈ ತೊಳೆದುಕೊಂಡು ಬಂದಳು, ಮೀನು ಹೆಚ್ಚಿದವಳ ಹಾಗೆ, ಸೋಪು ಹಚ್ಚಿ.

ಬುಧವಾರದ ಮೀಟಿಂಗಿನಲ್ಲಿ ಜೆರ್ವಿನ್ ಹಣೆ ಕೆರೆದುಕೊಂಡ. "ಸೋಮವಾರ ಎಲ್ಲ ಜಾರ್‌ಗಳದ್ದೂ ಬೆರಳಚ್ಚು ತಗೊಂಡಿದ್ದೆ. ಒಳಗೆ ಒಂದಕ್ಷರ ಬದಲಾದ್ರೂ ಅದು ಬದಲಾಗತ್ತೆ. ಎಂಬತ್ತೆರಡು ಸರಿ ಇವೆ, ಲೋರ್ಬೆತ್‌ದು ಮಾತ್ರ ತಾಳೆ ಆಗ್ತಿಲ್ಲ. ಯಾರಾದ್ರೂ ಮುಟ್ಟಿದ್ರಾ?"

"ಅವಳೇ ಬಂದಿರ್ತಾಳೆ," ಎಂದ ಆರ್ನೆಲ್. "ಮಗುಗೆ ಹಾಲು ಕೊಡೋದು ಮರ್ತಿದ್ದೆ ಅಂತ."

ಮತ್ತೆ ನಗು. ಜೆರ್ವಿನ್‌ನ ಕಣ್ಣು ಒಬ್ಬೊಬ್ಬರ ಮೇಲೂ ಹಾದು ನೆಲ್ಫಾಳ ಮೇಲೆ ನಿಲ್ಲದೆ ಮುಂದೆ ಹೋಯಿತು. ಅವಳ ಮೇಲೆ ಅನುಮಾನ ಪಡುವುದು ಯಾರಿಗೂ ತೋಚುವ ಮಾತೇ ಅಲ್ಲ. ಅವಳು ಸುಮ್ಮನೆ ಕೂತಳು. ಮೊದಲ ಸಲದ ಮೌನಕ್ಕಾದರೂ ಜ್ವರದ ಮಗುವಿನ ನೆಪವಿತ್ತು. ಈ ಸಲ ಮಗಳು ಆರೋಗ್ಯವಾಗಿ ಶಾಲೆಯಲ್ಲಿದ್ದಳು.

ಅವಳು ಮಾಡಿದ್ದು ಎಂಥ ಪೆದ್ದು ಕೆಲಸವೆಂದರೆ, ಬದಲಾಯಿಸಿದ್ದು ಕಟ್ಟುವ ಯಂತ್ರದ ಮೇಲಿದ್ದ ನಕಲನ್ನು ಮಾತ್ರ. ಹಳೆಯದು ಉಗ್ರಾಣದಲ್ಲಿ ಹಾಗೇ ಭದ್ರವಾಗಿತ್ತು. ಹತ್ತೊಂಬತ್ತು ವರ್ಷ ಆ ಉಗ್ರಾಣವನ್ನು ಗುಡಿಸಿ ಒರೆಸಿದವಳಿಗೆ ಇದು ತಿಳಿಯದ್ದೇ? ತಿಳಿದಿತ್ತು. ಮಂಗಳವಾರ ಆ ಒಂದು ನಿಮಿಷ ಮರೆತಿದ್ದಳು.

ಮೂರು ಗಂಟೆಗೆ ಜೆರ್ವಿನ್ ಎರಡು ಇಬೊಸ್ ಹಿಡಿದು ಅವಳ ಮೇಜಿಗೆ ಬಂದ. ತೆಂಗಿನ ಗರಿಯ ಸುತ್ತನ್ನು ಬಿಚ್ಚುತ್ತ, ಅಂಟು ಅನ್ನದ ಕಡೆಗೇ ನೋಡುತ್ತ ಮೆಲ್ಲಗೆ ಹೇಳಿದ: "ಮನಾಂಗ್, ಹಳೇದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡ್ದೆ. ಒಂದೇ ಸಾಲು ವ್ಯತ್ಯಾಸ."

ಅವಳು ಕಂಪ್ಯೂಟರಿನ ಕಡೆ ತಿರುಗಿ, ತೆರೆದಿದ್ದ ಕಡತವನ್ನು ಮುಚ್ಚಿದಳು.

"ನಾನು ಯಾರಿಗೂ ಹೇಳಲ್ಲ. ಹಳೇದನ್ನೇ ವಾಪಸ್ ಹಾಕಿದೀನಿ. ಹೆಸರೂ ಬದಲಾಯಿಸ್ತೀನಿ, ಸುಮ್ನೆ 'ಪಟ್ಟಿ' ಅಂತ ಇಡೋಣ. ಜಾರ್ ಒಳಗಿನ ಆ ಚೀಟಿ ಯಾರು ಓದ್ತಾರೆ. ಅಲ್ಲಿಗೆ ಮುಗೀತು." ಆಮೇಲೆ, ಅವಳ ಮುಖ ಕಂಡು, "ನೀವು ತಿನ್ನಿ, ಆರಿಹೋಗತ್ತೆ," ಎಂದ.

ಹುಡುಗನ ಕರುಣೆಯನ್ನು ಕೈಯಲ್ಲಿ ಹಿಡಿದು ನೆಲ್ಫಾ ಕೂತಿದ್ದಳು. ಒಪ್ಪಿಕೊಂಡರೆ ಎಲ್ಲ ನಯವಾಗಿ ಮುಚ್ಚಿಹೋಗುತ್ತಿತ್ತು. ಪಟ್ಟಿಯಿಂದ ಲೋರ್ಬೆತ್‌ಳ ಹೆಸರು ಹೋಗುತ್ತಿತ್ತು. ಆದರೆ ಆರ್ನೆಲ್‌ನ ಬಾಯಿಂದ, ಸರ್ ದೆಲ್ಫಿನ್‌ರ ಬಾಯಿಂದ, ನಾಳೆ ಸೇರುವ ಹೊಸಬರ ಬಾಯಿಂದ ಹೋಗುವುದಿಲ್ಲ. ಮರೆವು ಅಂದರೆ ಲೋರ್ಬೆತ್, ಹೆತ್ತ ಹೆಂಗಸು ಅಂದರೆ ಮರೆವು, ಅದು ಹಾಗೇ ನಿಲ್ಲುತ್ತದೆ.

"ಹೆಸರು ಈಗಲೇ ಬದಲಾಯಿಸಬೇಡ," ಎಂದಳು. "ಶುಕ್ರವಾರದವರೆಗೆ ಬಿಡು."

ಗುರುವಾರ ಬೆಳಿಗ್ಗೆ ರಜೆ ಹಾಕಿದಳು. ಹತ್ತೊಂಬತ್ತು ವರ್ಷದಲ್ಲಿ ಸುಳ್ಳು ಕಾರಣ ಕೊಡದೆ ಹಾಕಿದ ಮೊದಲ ರಜೆ. ಕಾರಣದ ಜಾಗ ಖಾಲಿ ಬಿಟ್ಟಿದ್ದಳು. ಲೋರ್ಬೆತ್ ಈಗ ಓರ್ತಿಸ್ ದಕ್ಕೆಯ ಹತ್ತಿರ ಜೆರಾಕ್ಸ್ ಅಂಗಡಿ ನಡೆಸುತ್ತಾಳೆಂದು ಯಾರೋ ಹೇಳಿದ್ದು ನೆನಪಿತ್ತು. ಜೀಪ್ನಿ ಇಳಿದು ಹುಡುಕಬೇಕಾಗಲಿಲ್ಲ. ಮುಂದೆ ಎರಡು ಯಂತ್ರ, ಗೋಡೆಗೆ ಬಣ್ಣದ ಕಾಗದದ ಸುರುಳಿ, ಹಿಂದೆ ಪರದೆಯಾಚೆ ಒಲೆ. ಅನ್ನ ಕುದಿಯುವ ವಾಸನೆ ಹೊರಗೆ ಬರುತ್ತಿತ್ತು. ಲೋರ್ಬೆತ್ ಒಂದು ಕೈಯಲ್ಲಿ ಕಾಗದ ಜೋಡಿಸುತ್ತ, ಇನ್ನೊಂದು ಕೈಯಲ್ಲಿ ಪರದೆ ಸರಿಸಿ ಒಲೆಯ ಉರಿ ತಗ್ಗಿಸುತ್ತಿದ್ದಳು. ದಪ್ಪಗಾಗಿದ್ದಳು, ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡಿದ್ದಳು.

"ಎಷ್ಟು ಪ್ರತಿ?" ಎಂದವಳು ತಲೆಯೆತ್ತಿ, "ಮನಾಂಗ್ ನೆಲ್ಫಾ," ಎಂದಳು. ಅದರಲ್ಲಿ ಖುಷಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಗುರುತು ಮಾತ್ರ ಇತ್ತು.

ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ನೆಲ್ಫಾ ಹೇಳಿದಳು. ದಾರಿಯಲ್ಲಿ ಜೋಡಿಸಿಕೊಂಡ ವಾಕ್ಯಗಳೆಲ್ಲ ಎಲ್ಲೋ ಉದುರಿಹೋಗಿದ್ದವು. ಜ್ವರ, ಆಸ್ಪತ್ರೆ, ಸಹಿ ಹಾಕಿದ ಚೀಟಿ ಎಂದು ಹೇಳುತ್ತ ಹೋದಂತೆ ತನ್ನ ಕಷ್ಟವನ್ನು ತಾನೇ ಮೆರೆಸಿಕೊಳ್ಳುತ್ತಿದ್ದೇನೆ ಅನ್ನಿಸಿ ನಡುವೆ ನಿಂತಳು. "ನಾನೇ ಮಾಡಿದ್ದು. ನಿನ್ನ ಕಂಪ್ಯೂಟರಿಂದ. ಸುಮ್ನೆ ಕೂತೆ," ಎಂದು ಮುಗಿಸಿದಳು.

"ಗೊತ್ತಿತ್ತು," ಎಂದಳು ಲೋರ್ಬೆತ್.

"ಗೊತ್ತಿತ್ತಾ?"

"ಪಟ್ಟಿ ಬರೆದೋರು ನೀವು. ನನ್ನ ಪಕ್ಕ ಕೂರ್ತಿದ್ದೋರು ನೀವು. ಇದನ್ನ ಕಂಡುಹಿಡಿಯೋಕೆ ಎಂಜಿನಿಯರ್ ಆಗ್ಬೇಕಾ?" ಒಬ್ಬ ಹುಡುಗಿ ಬಂದು ಜನನಪತ್ರದ ಎರಡು ಪ್ರತಿ ಕೇಳಿದಳು. ಲೋರ್ಬೆತ್ ತೆಗೆದುಕೊಟ್ಟು, ಕಾಸು ಡಬ್ಬಿಗೆ ಹಾಕಿ, ತಿರುಗಿದಳು. "ಅವತ್ತು ಫೋನು ಮಾಡಿದ್ನಲ್ಲ. ನೀವು ಮಗೂನ ಎತ್ಕೋ ಅಂದ್ರಿ. ಎತ್ಕೊಂಡೆ. ಇನ್ನೇನು ಮಾಡ್ಲಿ? ಹಾಲು ಕುಡಿಸ್ತಾ ಅನ್ಕೊಂಡೆ, ಮನಾಂಗ್ ಹೇಳೇ ಹೇಳ್ತಾರೆ, ಅವರಿಗೂ ಮಕ್ಕಳಿದಾವಲ್ಲ."

ನೆಲ್ಫಾ ಕಾಲಿನ ಚಪ್ಪಲಿ ನೋಡುತ್ತಿದ್ದಳು.

"ಸೋರ್ಸ್ ಹೋಗಿದ್ದಕ್ಕೆ ನಂಗೆ ಸಿಟ್ಟಿಲ್ಲ," ಎಂದಳು ಲೋರ್ಬೆತ್. "ಜ್ವರದ ಮಗು ಇದ್ರೆ ನಾನೂ ಕಳೀತಿದ್ದೆ. ಇನ್ನೂ ನಗ್ತಾರಾ ಅಲ್ಲಿ?"

ಸುಳ್ಳು ಹೇಳಲು ಬಾಯಿ ತೆರೆದು ನೆಲ್ಫಾ ಮುಚ್ಚಿದಳು. "ಹ್ಞೂಂ."

"ನೀವು?"

"ಮೊದಲ ದಿನ ನಕ್ಕೆ. ಆಮೇಲೆ ತಲೆ ಬಗ್ಗಿಸಿ ಕೂರ್ತಿದ್ದೆ."

"ಹೋ, ದೊಡ್ಡ ಉಪಕಾರ." ಲೋರ್ಬೆತ್ ಒಳಗೆ ಹೋಗಿ ಅನ್ನದ ಪಾತ್ರೆ ಇಳಿಸಿ, ಕೈ ಒರೆಸಿಕೊಳ್ಳುತ್ತ ಬಂದಳು. "ಇಲ್ಲಿ ಬಂದು ನನ್ನ ಮುಂದೆ ಹೇಳಿದ್ರೆ ನಂಗೆ ಹೊಸದೇನೂ ಸಿಗಲ್ಲ ಮನಾಂಗ್. ನಂಗೆ ಗೊತ್ತಿರೋದನ್ನೇ ಹೇಳಿದ್ರಿ. ಎಲ್ಲಿ ನಕ್ಕರೋ ಅಲ್ಲಿ ಹೇಳಿ. ಹೇಳಿದ್ಮೇಲೆ ಅವರು ಏನು ಮಾಡಿದ್ರು ಅಂತ ನಂಗೆ ತಿಳಿಸಿ. ಇದ್ದದ್ದು ಇದ್ದಂಗೆ. ನನ್ನ ಸಮಾಧಾನಕ್ಕೆ ಅಂತ ಏನೂ ಸೇರಿಸ್ಬೇಡಿ." ನೆಲ್ಫಾ ತಂದಿದ್ದ ಬಿಸ್ಕೊಚೊ ಎಂಬ ಗರಿಗರಿ ರೊಟ್ಟಿಯ ಪೊಟ್ಟಣವನ್ನು ಅವಳು ಮುಟ್ಟಲೂ ಇಲ್ಲ, ವಾಪಸು ಕೊಡಲೂ ಇಲ್ಲ. ಅದು ಎರಡು ಯಂತ್ರಗಳ ನಡುವೆ ಇಟ್ಟಲ್ಲೇ ಇತ್ತು.

ಶುಕ್ರವಾರ ಮೂರಕ್ಕೆ ಹೊಸ ವ್ಯವಸ್ಥೆಯ ಮೊದಲ ಪ್ಯಾಕೇಜ್. ಸರ್ ದೆಲ್ಫಿನ್ ಎಲ್ಲರಿಗೂ ಪನ್ಸಿತ್ ಮೊಲೊ ಸೂಪು ತರಿಸಿದ್ದರು. ಜೆರ್ವಿನ್ ಒಂದು ಆಜ್ಞೆ ಟೈಪು ಮಾಡಿ ಗುಂಡಿ ಒತ್ತಿದ. ಸಾಲುಗಳು ಸರಸರ ಮೇಲೇರಿದವು. ನೆಲ್ಫಾಳ ಇಡೀ ಶುಕ್ರವಾರ ಆರು ನಿಮಿಷದಲ್ಲಿ ಮುಗಿಯಿತು. ಚಪ್ಪಾಳೆ ಬಿತ್ತು, ಜೆರ್ವಿನ್‌ಗೆ. "ಮನಾಂಗ್ ತಲೇಲಿದ್ದದ್ದನ್ನ ನಾನು ಟೈಪು ಮಾಡಿದ್ದಷ್ಟೇ," ಎಂದು ಅವನು ಹೇಳಿದ್ದು ಬಟ್ಟಲುಗಳ ಸದ್ದಿನಲ್ಲಿ ಮುಳುಗಿತು. ಗೋಡೆಯ ಮೇಲೆ ಎಂಬತ್ತಮೂರು ಹೆಸರುಗಳ ಪಟ್ಟಿ ಮೂಡಿತು.

"ನೋಡಿ ನೋಡಿ, ಲೋರ್ಬೆತ್ ಒಂದನೇ ಆವೃತ್ತಿ!" ಎಂದ ಆರ್ನೆಲ್. "ಎರಡನೇದು ಯಾವಾಗ ಹೆರ್ತಾಳಂತೆ?"

ನೆಲ್ಫಾ ಎದ್ದು ನಿಂತಳು. ಬಟ್ಟಲು ಕೈಯಲ್ಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಹೇಳಿದಳು. "ಅದು ಲೋರ್ಬೆತ್ ಕಳೆದದ್ದಲ್ಲ. ನಾನು. ಪಟ್ಟಿ ಬರೆದೋಳು ನಾನು, ಅವಳ ಕಂಪ್ಯೂಟರಿಂದ ಸೇರಿಸಿದೋಳು ನಾನು, ಸೋರ್ಸ್ ಇದ್ದ ಲ್ಯಾಪ್‌ಟಾಪ್ ಅಳಿಸಿ ಅಂತ ಸಹಿ ಹಾಕಿದೋಳೂ ನಾನು. ಅವಳ ಕೆಲಸ ಹೋಗುವಾಗ ಗೊತ್ತಿದ್ದೂ ಸುಮ್ನಿದ್ದೆ. ಈ ಮಂಗಳವಾರ ಜಾರ್ ಒಳಗಿಂದ ನನ್ನ ಹೆಸರು ಅಳಿಸಿದೋಳೂ ನಾನೇ."

ಆರ್ನೆಲ್ ತನ್ನ ಬಟ್ಟಲನ್ನು ಮೇಜಿನ ಮೇಲೆ ಇಟ್ಟ.

ಆಮೇಲೆ ಸರ್ ದೆಲ್ಫಿನ್ ನಕ್ಕರು. ತುಂಬ ಮನಸ್ಸು ಬಿಚ್ಚಿ, ಪ್ರೀತಿಯಿಂದಲೇ ನಕ್ಕರು. "ಎಂಟು ವರ್ಷದ 'ಕೊಲೆ ಕೇಸು' ಇವತ್ತು ಬಗೆಹರೀತು! ಅಯ್ಯೋ ನೆಲ್ಫಾ, ಇದನ್ನ ಪಾದ್ರಿ ಹತ್ರ ಹೇಳೋದಲ್ವಾ, ಸೂಪು ಆರಿಸ್ತಾ ನಿಂತಿದೀಯಲ್ಲ."

"ಹಾಗಾದ್ರೆ ಇನ್ಮೇಲೆ 'ನೆಲ್ಫಾ ಕೆಲಸ ಮಾಡ್ದ' ಅನ್ಬೇಕಾ?" ಎಂದ ಆರ್ನೆಲ್. ಕೆಲವರು ನಕ್ಕರು. ಆದರೆ ಅದು ನಾಲಿಗೆಗೆ ಹತ್ತಲಿಲ್ಲ. ನೆಲ್ಫಾ ಎಂದರೆ ಮರೆವು ಎಂದು ಅಲ್ಲಿ ಯಾರಿಗೂ ಅನ್ನಿಸುವಂತಿರಲಿಲ್ಲ; ಅವನಿಗೇ ಅದು ಸಪ್ಪೆಯೆನಿಸಿ ಸುಮ್ಮನಾದ.

"ಸರ್, ಅವಳಿಗೆ ಒಂದು ಪತ್ರ ಬರೀಬೇಕು. ಕಂಪನಿಯಿಂದ. ತಪ್ಪು ಅವಳದಲ್ಲ ಅಂತ."

ಸರ್ ದೆಲ್ಫಿನ್‌ರ ನಗು ಸ್ವಲ್ಪ ಇಳಿಯಿತು. "ಕಾಂಟ್ರಾಕ್ಟ್ ಮುಗಿದಿತ್ತು, ನಾವು ಮುಂದುವರಿಸಲಿಲ್ಲ, ಅಷ್ಟೇ. ಈಗ ಪತ್ರಗಿತ್ರ ಅಂದ್ರೆ ವಕೀಲರನ್ನ ಕೇಳ್ಬೇಕು. ಬಿಡು ನೆಲ್ಫಾ. ಆಗಿನ ಕಾಲ ಹಾಗಿತ್ತು, ನಿನ್ನ ಮಗಳೂ ಆಗ ಡೆಂಗಿ ಅಂತ ಆಸ್ಪತ್ರೇಲಿದ್ಲಲ್ವಾ. ಯಾರಿಗಾದ್ರೂ ಆಗೋದೇ. ಕೂತ್ಕೋ, ಉಣ್ಣು."

ಯಾರಿಗಾದರೂ ಆಗುವುದೇ. ಅವಳಿಗೆ ಆ ಮಾತು ಉಚಿತವಾಗಿ ಸಿಕ್ಕಿತು, ಸೂಪಿನ ಜೊತೆಗೆ. ಬಾಣಂತಿಯೊಬ್ಬಳಿಗೆ ಸಿಕ್ಕಿರಲಿಲ್ಲ. ಶಿಕ್ಷೆ ಬೇಡುತ್ತ ನಿಂತವಳಿಗೆ ಯಾರೂ ಶಿಕ್ಷೆ ಕೊಡಲು ತಯಾರಿಲ್ಲ ಎನ್ನುವುದು, ಕೊಟ್ಟಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಅವಳ ತಲೆ ತಗ್ಗಿಸಿತು. ಮೂಲೆಯ ಮೇಜಿನಲ್ಲಿ ಈ ವರ್ಷ ಸೇರಿದ ಕಾಂಟ್ರಾಕ್ಟಿನ ಇಬ್ಬರು ಹುಡುಗಿಯರು ಕೂತಿದ್ದರು. ಅವರು ನಕ್ಕಿರಲಿಲ್ಲ. ಒಬ್ಬಳು ನೆಲ್ಫಾಳ ಮುಖವನ್ನೇ ನೋಡುತ್ತಿದ್ದಳು. ಹೊಸದಾಗಿ ಪರಿಚಯವಾದವರನ್ನು ನೋಡುವ ನೋಟ ಅದು.

ಜೆರ್ವಿನ್ ಮಾತ್ರ ಕೀಲಿಮಣೆಯ ಮೇಲೆ ಕೈಯಿಟ್ಟುಕೊಂಡೇ ಇದ್ದ. "ಏನು ಹೆಸರಿಡ್ಲಿ ಮನಾಂಗ್?"

"ಪಟ್ಟಿ ಅಂತಲೇ ಇಡು. ಪಕ್ಕದಲ್ಲಿ ವಿವರ ಬರೆಯೋಕೆ ಜಾಗ ಇದೆಯಲ್ಲ, ಅಲ್ಲಿ ಬರಿ: ಸೋರ್ಸ್ ಇಲ್ಲ, ಕಳೆದವರು ನೆಲ್ಫಾ ಪಲ್ಮಾರೆಸ್."

"ಅದು ಎಲ್ಲ ಹಡಗು ಕಂಪನಿಗೂ ಹೋಗತ್ತೆ."

"ಹೋಗ್ಲಿ."

ಅವನು ಸರ್ ದೆಲ್ಫಿನ್‌ರ ಕಡೆ ನೋಡಲಿಲ್ಲ. ಬರೆದ, ಗುಂಡಿ ಒತ್ತಿದ. ಇನ್ನಾರು ನಿಮಿಷ. ಜನ ಅಷ್ಟರೊಳಗೆ ಬಟ್ಟಲು ಇಟ್ಟು ತಮ್ಮ ತಮ್ಮ ಕುರ್ಚಿಗೆ ಹೋಗಿದ್ದರು.

ನೆಲ್ಫಾ ಫೋನು ತೆಗೆದು ಲೋರ್ಬೆತ್‌ಳಿಗೆ ಬರೆದಳು: "ಹೇಳಿದೆ."

ಉತ್ತರ ತಕ್ಷಣ ಬಂತು. "ಏನು ಮಾಡಿದ್ರು?"

ಎಲ್ಲರಿಗೂ ತುಂಬ ಬೇಜಾರಾಯಿತು ಎಂದು ಟೈಪು ಮಾಡಿದಳು. ಅಳಿಸಿದಳು. ಸರ್ ಪತ್ರ ಬರೆಯುವ ಯೋಚನೆ ಮಾಡುತ್ತಿದ್ದಾರೆ ಎಂದು ಬರೆದಳು. ಅದನ್ನೂ ಅಳಿಸಿದಳು. ಅತ್ತ ಜೆರಾಕ್ಸ್ ಅಂಗಡಿಯಲ್ಲಿ ಒಬ್ಬಳು ಫೋನು ಹಿಡಿದು ಕಾಯುತ್ತಿದ್ದಾಳೆ, ಇತ್ತ ಟೈಪು ಮಾಡಿ ಅಳಿಸುತ್ತಿರುವುದು ಅವಳಿಗೆ ಅಲ್ಲಿಂದಲೇ ಕಾಣುತ್ತದೆ ಎಂದು ಹೊಳೆದು, ನೆಲ್ಫಾಳ ಬೆರಳು ನಿಂತಿತು.

"ನಕ್ಕರು," ಎಂದು ಬರೆದು ಕಳಿಸಿದಳು.

ಓದಿದ ಗುರುತು ಬಿತ್ತು. ಕೊನೆಗೆ ಎರಡೇ ಮಾತು ಬಂದವು: "ಗೊತ್ತಿತ್ತು, ಮನಾಂಗ್."